ಸೋರುವ ನೀರಿಗೆ ಕಿವಿ, ಸೋರುವ ಗ್ಯಾಸಿಗೆ ಮೂಗು

ಮಂಡ್ಯ-ಮದ್ದೂರು-ಮಳವಳ್ಳಿ ಜನ ತಿಳಿದಿರಬೇಕಾದ ಸೋರಿಕೆಯ ಲೆಕ್ಕ

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಅಂದರೆ ಬೆಂಗಳೂರಿನ ಬಚ್ಚಲುಮನೆ ನಲ್ಲಿಗೆ ಮೂಲಸ್ಥಾನ. ಶಿವ ಅಣೆಕಟ್ಟಿನ ಕಡೆಯಿಂದ ಬಂದ ಕಾವೇರಿ ನೀರು ಇಲ್ಲಿ ಶುದ್ಧಿಯಾಗುತ್ತದೆ. ಇಲ್ಲಿಂದ ಹೊರಟು ಹಾರೋಹಳ್ಳಿ, ತಾತಗುಣಿ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿಲೋಮೀಟರು ದೂರ ಹರಿದು, ಸುಮಾರು 500 ಮೀಟರು ಎತ್ತರ ಏರಿ ರಾಜಧಾನಿ ಸೇರುತ್ತದೆ. ಮೊದಲನೇ ಹಂತ ಶುರುವಾದದ್ದು 1974ರಲ್ಲಿ. ಎರಡನೆಯದು 1982, ಮೂರನೆಯದು 1993, ನಾಲ್ಕನೆಯದು ಎರಡು ಕಂತಿನಲ್ಲಿ 2002 ಮತ್ತು 2012. ಐದನೇ ಹಂತದ ಉದ್ಘಾಟನೆ 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲೇ ನಡೆಯಿತು. ಐದನೆಯದೊಂದೇ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಹಿಂದಿನ ಹಂತಗಳ 145 ಕೋಟಿಯನ್ನೂ ಕೂಡಿಸಿದರೆ ದಿನವೊಂದಕ್ಕೆ 222 ಕೋಟಿ ಲೀಟರು ದಾಟುತ್ತದೆ.

ಇದು ಹೊರಟ ಲೆಕ್ಕ. ಮುಟ್ಟಿದ ಲೆಕ್ಕವೇ ಬೇರೆ!

ಬೆಂಗಳೂರಿಗೆ ಹೋದ ನೀರಿನಲ್ಲಿ ನಾಲ್ಕನೇ ಒಂದು ಪಾಲಿಗೂ ಮೀರಿ ಬಿಲ್ಲಿಗೆ ಸಿಗುತ್ತಿಲ್ಲ ಎಂಬುದು ಅಲ್ಲಿನ ಜಲಮಂಡಳಿಯೇ ಒಪ್ಪಿಕೊಂಡು ಬಂದಿರುವ ಮಾತು. ಇದಕ್ಕೆ ಅಧಿಕಾರಿಗಳು ಇಟ್ಟಿರುವ ಹೆಸರು 'ಲೆಕ್ಕಕ್ಕೆ ಸಿಗದ ನೀರು'. ಅದೆಲ್ಲವೂ ಸೋರಿ ಹೋದದ್ದೇ ಅಂತ ಹೇಳಲಾಗದು. ಕದ್ದದ್ದು ಅದರಲ್ಲಿದೆ, ಕೆಟ್ಟ ಮೀಟರು ತಿಂದದ್ದಿದೆ, ಬಿಟ್ಟಿ ಕೊಟ್ಟದ್ದೂ ಇದೆ. ಆದರೂ ಒಂದು ಗುಣಾಕಾರ ಮಾಡಿ ನೋಡಬಹುದು. 222 ಕೋಟಿ ಲೀಟರಿನಲ್ಲಿ ಕಾಲು ಭಾಗ ಅಂದರೆ 55 ಕೋಟಿ. ವರ್ಷಕ್ಕೆ ಅದು ಸುಮಾರು 7 ಟಿಎಂಸಿ. ಅರ್ಧ ಮಾತ್ರ ನಿಜವಾದ ಸೋರಿಕೆ ಅಂದುಕೊಂಡರೂ ಮೂರೂವರೆ ಟಿಎಂಸಿ!

2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟದ್ದು 14.75 ಟಿಎಂಸಿ. ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಗುರುತಿಸಿದ್ದು 4.75 ಟಿಎಂಸಿ. ಅದಕ್ಕಾಗಿ ಎಷ್ಟು ವರ್ಷ ವಾದ ನಡೆಯಿತು, ಮಂಡ್ಯದ ರಸ್ತೆಯಲ್ಲಿ ಎಷ್ಟು ಟೈರು ಉರಿಯಿತು, ಎಷ್ಟು ದಿನ ಬಸ್ಸು ನಿಂತವು ಎಂಬುದನ್ನು ಜಿಲ್ಲೆಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಕೋರ್ಟಿನಲ್ಲಿ ಹೋರಾಡಿ ಪಡೆದ ನೀರಿನ ಹೆಚ್ಚು ಪಾಲಿಗೆ ಸಮನಾದದ್ದು ಮಣ್ಣಿನೊಳಗೆ ಸದ್ದಿಲ್ಲದೆ ಹೋಗುತ್ತಿದ್ದರೆ ಅದನ್ನು ಹಿಡಿಯುವ ವಿದ್ಯೆ ಏನು ಎಂಬುದು ಎಲ್ಲರೂ ಕೇಳಲೇಬೇಕಾದ ಪ್ರಶ್ನೆ.

ಸದ್ದಿಲ್ಲ ಅಂದವರು ಯಾರು?

ಸೋರಿಕೆಗೆ ಸದ್ದಿದೆ. ಒತ್ತಡದಲ್ಲಿರುವ ನೀರು ಸಣ್ಣ ತೂತಿನಿಂದ ನುಗ್ಗುವಾಗ ಕೊಳವೆಯೇ ನಡುಗುತ್ತದೆ, 'ಸ್ಸ್' ಅನ್ನುತ್ತದೆ. ಹಗಲಿನ ಬಸ್ಸು, ಲಾರಿ, ಎತ್ತಿನಗಾಡಿ ಗದ್ದಲದಲ್ಲಿ ಅದು ಕೇಳಿಸದು. ರಾತ್ರಿ ಎರಡು ಗಂಟೆಗೆ ಕೇಳಿಸುತ್ತದೆ. ಹಳೆಯ ವಾಲ್ವ್‌ಮನ್‌ಗಳ ಕೈಲಿ ಇದಕ್ಕೆ ಇದ್ದ ಯಂತ್ರ ಒಂದು ಕಬ್ಬಿಣದ ಸರಳು. ಒಂದು ತುದಿ ವಾಲ್ವಿನ ಮೇಲೆ, ಇನ್ನೊಂದು ತುದಿ ಕಿವಿಯ ಹಿಂದಿನ ಮೂಳೆಗೆ. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟಂತೆ. ಪಳಗಿದ ಕಿವಿಯಾದರೆ ನಲ್ಲಿ ತಿರುಗಿಸಿದ ಸದ್ದಿಗೂ ಕೊಳವೆ ಬಿರಿದ ಸದ್ದಿಗೂ ವ್ಯತ್ಯಾಸ ಹೇಳುತ್ತದೆ.

ಈಗಿನ ಯಂತ್ರಗಳು ಮಾಡುವುದೂ ಅದನ್ನೇ. ನೆಲದ ಮೇಲಿಡುವ ಮೈಕು ಸಣ್ಣ ಸದ್ದನ್ನು ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಅದಕ್ಕಿಂತ ಜಾಣ ಯಂತ್ರದ ಹೆಸರು ಕೋರಿಲೇಟರು. ಕೊಳವೆಯ ಎರಡು ಕಡೆ ಎರಡು ಕಿವಿ ಅಂಟಿಸಿ, ಸೋರಿಕೆಯ ಸದ್ದು ಯಾವ ಕಡೆಗೆ ಮೊದಲು ಮುಟ್ಟಿತು, ಎಷ್ಟು ಹೊತ್ತು ಮೊದಲು ಮುಟ್ಟಿತು ಎಂಬುದನ್ನು ಅಳೆಯುತ್ತದೆ.

ಲೆಕ್ಕ ಅಂಗಡಿಯವರಿಗೂ ಅರ್ಥವಾಗುವಂಥದ್ದು. ಎರಡು ವಾಲ್ವಿನ ನಡುವೆ 100 ಮೀಟರು ಅನ್ನಿ. ಕಬ್ಬಿಣದ ಕೊಳವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1200 ಮೀಟರು ಓಡುತ್ತದೆ ಅನ್ನಿ. ಎಡಗಡೆಯ ಕಿವಿಗೆ ಸದ್ದು ಸೆಕೆಂಡಿನ 40ನೇ ಒಂದು ಭಾಗದಷ್ಟು ಮೊದಲು ಬಂತು. ಅಂದರೆ ಎರಡೂ ಕಡೆಯ ದೂರದಲ್ಲಿ 30 ಮೀಟರು ಅಂತರ. 100ರಲ್ಲಿ 30 ಕಳೆದು ಎರಡು ಪಾಲು ಮಾಡಿದರೆ 35. ಎಡ ವಾಲ್ವಿನಿಂದ 35 ಮೀಟರಿಗೆ ಗುದ್ದಲಿ ಹಾಕಿ. ರಸ್ತೆ ಪೂರ್ತಿ ಅಗೆದು, ತಿಂಗಳುಗಟ್ಟಲೆ ಹಾಗೇ ಬಿಟ್ಟು, ಅಂಗಡಿ ಮುಂದೆ ಗಿರಾಕಿ ಬರದಂತೆ ಮಾಡುವ ಅಗತ್ಯವೇ ಇಲ್ಲ.

ಒಂದು ತೊಡಕಿದೆ. ಈ ಸದ್ದು ಕಬ್ಬಿಣದ ಕೊಳವೆಯಲ್ಲಿ ದೂರ ಓಡುತ್ತದೆ, ಪಿವಿಸಿ ಕೊಳವೆಯಲ್ಲಿ ಬೇಗ ಸಾಯುತ್ತದೆ. ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಈಗ ಹಾಕುವುದೆಲ್ಲ ಪ್ಲಾಸ್ಟಿಕ್ಕು. ಆಗ ಕಿವಿ ಬಿಟ್ಟು ಬೇರೆ ದಾರಿ. ಕೊಳವೆಯೊಳಕ್ಕೆ ನೂರಕ್ಕೆ ಐದು ಪಾಲು ಹೈಡ್ರೋಜನ್, ಮಿಕ್ಕದ್ದು ನೈಟ್ರೋಜನ್ ಬೆರೆಸಿದ ಗಾಳಿ ಬಿಡುತ್ತಾರೆ. ಇಷ್ಟು ತೆಳುವಾದ ಬೆರಕೆಗೆ ಬೆಂಕಿ ಹತ್ತುವ ಭಯವಿಲ್ಲ. ಹೈಡ್ರೋಜನ್ ಎಲ್ಲ ಅನಿಲಗಳಿಗಿಂತ ಹಗುರ. ತೂತು ಇರುವ ಕಡೆ ಹೊರಬಿದ್ದು, ಮಣ್ಣನ್ನೂ ಟಾರನ್ನೂ ತೂರಿ ಮೇಲಕ್ಕೆ ಬರುತ್ತದೆ. ರಸ್ತೆ ಮೇಲೆ ಮೂಸುವ ಯಂತ್ರ ತಳ್ಳಿಕೊಂಡು ಹೋದರೆ ಜಾಗ ಸಿಕ್ಕಿತು.

ಅರ್ಧರಾತ್ರಿಯ ಮೀಟರು

ಯಂತ್ರ ಕೊಳ್ಳಲು ದುಡ್ಡಿಲ್ಲ ಅನ್ನುವ ಪುರಸಭೆಗೂ ಒಂದು ಉಪಾಯ ಉಂಟು. ಅದಕ್ಕೆ ಬೇಕಾದದ್ದು ಒಂದು ಮೀಟರು, ಒಬ್ಬ ಎಚ್ಚರವಿರುವ ಮನುಷ್ಯ. ರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ಊರು ಮಲಗಿರುತ್ತದೆ. ಮನೆಗಳ ತೊಟ್ಟಿಗಳೂ ತುಂಬಿರುತ್ತವೆ. ಆ ಹೊತ್ತಿನಲ್ಲಿ ಒಂದು ಬಡಾವಣೆಗೆ ನೀರು ಬಿಟ್ಟು ಮೀಟರು ನೋಡಿದರೆ, ಓಡುತ್ತಿರುವ ನೀರಿನಲ್ಲಿ ಬಹುಪಾಲು ಸೋರಿಕೆಯೇ. ಒಂದೊಂದೇ ಬೀದಿಯ ವಾಲ್ವು ಮುಚ್ಚುತ್ತ ಬಂದರೆ, ಯಾವ ವಾಲ್ವು ಮುಚ್ಚಿದಾಗ ಮೀಟರು ದಡಕ್ಕನೆ ಇಳಿಯುತ್ತದೋ ಆ ಬೀದಿಯಲ್ಲೇ ಕಳ್ಳ.

ಸಣ್ಣ ತೂತು ಅಂತ ಉದಾಸೀನ ಬೇಡ. 20 ಮೀಟರು ಎತ್ತರದ ಟ್ಯಾಂಕಿನ ಒತ್ತಡಕ್ಕೆ 6 ಮಿಲಿಮೀಟರಿನ ಒಂದು ತೂತು ದಿನಪೂರ್ತಿ ಸುರಿಸುವುದು ಸುಮಾರು 29 ಸಾವಿರ ಲೀಟರು. 6 ಸಾವಿರ ಲೀಟರಿನ ಟ್ಯಾಂಕರಾದರೆ ಹತ್ತಿರ ಹತ್ತಿರ ಐದು ಲೋಡು. ಬೇಸಿಗೆಯಲ್ಲಿ ಒಂದು ಲೋಡಿಗೆ ಎಷ್ಟು ಕೊಡಬೇಕು ಅಂತ ಹೋಟೆಲಿನವರನ್ನು ಕೇಳಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯೂ ದಿನಕ್ಕೆ ನಾಲ್ಕು ಲೀಟರು ದಾಟಿಸುತ್ತದೆ.

ನೀರು ಹೊರಗೆ ಹೋಗುವುದು ಅರ್ಧ ಕಥೆ. ಇನ್ನರ್ಧ ಕಥೆ ಹೊಟ್ಟೆಗೆ ಸಂಬಂಧಪಟ್ಟದ್ದು. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಮಿಕ್ಕ ಹೊತ್ತು ಕೊಳವೆ ಖಾಲಿ. ಖಾಲಿ ಕೊಳವೆ ಹೀರುತ್ತದೆ. ತೂತಿನ ಪಕ್ಕದಲ್ಲಿ ಮೋರಿ ಇದ್ದರೆ ಮೋರಿ ನೀರೇ ಒಳಗೆ. ಮಾರನೇ ದಿನ ನಲ್ಲಿಯಲ್ಲಿ ಮೊದಲು ಬರುವುದು ಅದೇ. ವಾಂತಿ-ಭೇದಿ ಶುರುವಾದ ಬೀದಿಗೆ ಹೋಗಿ ಹುಡುಕುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. ಶುದ್ಧೀಕರಣ ಘಟಕದಲ್ಲಿ ಹಾಕಿದ ಕ್ಲೋರಿನ್ ಬೀದಿಯ ಕೊನೆ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು ಔಷಧಿ ಹಾಕಿದರೆ ಬಣ್ಣ ಹೇಳುತ್ತದೆ. ಟ್ಯಾಂಕಿನಲ್ಲಿ ಕ್ಲೋರಿನ್ ಇದೆ, ಆ ಬೀದಿ ನಲ್ಲಿಯಲ್ಲಿ ಮಾತ್ರ ಇಲ್ಲ ಅಂದರೆ ನಡುವೆ ಏನೋ ಕೊಳೆ ಸೇರಿ ಅದನ್ನು ತಿಂದಿದೆ ಎಂಬ ಗುಮಾನಿ ಪಡಲೇಬೇಕು. ಐದು ನಿಮಿಷದ ಕೆಲಸ ಇದು.

ತಿಳಿ ನೀರು, ಕದಡಿದ ನೀರು

ಸೋರಿಕೆ ಹಿಡಿಯುವ ವಿದ್ಯೆ ಮಂಡ್ಯ ಸೀಮೆಗೆ ಪೇಟೆಯಿಂದ ಬಂದದ್ದೇನಲ್ಲ. ಕೆರೆ ಏರಿ ಕಾಯುತ್ತಿದ್ದ ನೀರುಗಂಟಿಗೆ ಅದು ಕರತಲಾಮಲಕ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಆತ ಏರಿ ಮೇಲೆ ನಡೆಯುವುದಕ್ಕಿಂತ ಏರಿ ಕೆಳಗಿನ ಬುಡದಲ್ಲಿ ನಡೆಯುವುದೇ ಹೆಚ್ಚು. ಮಣ್ಣಿನ ಏರಿ ಅಂದಮೇಲೆ ಬಸಿ ನೀರು ಬಂದೇ ಬರುತ್ತದೆ. ಬಂದ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿದ್ದರೆ? ಆಗ ನೀರಿನ ಜೊತೆ ಏರಿಯ ಮಣ್ಣೂ ಹೊರಗೆ ಬರುತ್ತಿದೆ ಅಂತ ಅರ್ಥ. ಒಳಗೆ ಬಿಲ ಬೀಳುತ್ತಿದೆ. ಊರವರನ್ನು ಕೂಗಬೇಕು, ಮರಳ ಚೀಲ ತರಿಸಬೇಕು. ಇಂದಿನ ಅಣೆಕಟ್ಟು ಎಂಜಿನಿಯರುಗಳು ಬಸಿ ನೀರನ್ನು 'ವಿ' ಆಕಾರದ ಕಚ್ಚಿನಲ್ಲಿ ಹಾಯಿಸಿ ಎತ್ತರ ಅಳೆದು, ಬಣ್ಣ ನೋಡಿ ರಿಜಿಸ್ಟರಿನಲ್ಲಿ ಬರೆಯುವುದೂ ಇದೇ ಎರಡು ಪ್ರಶ್ನೆಗಳ ಉತ್ತರವನ್ನು: ಎಷ್ಟು ಬರುತ್ತಿದೆ, ಮಣ್ಣು ಬರುತ್ತಿದೆಯೇ?

ವಿಶ್ವೇಶ್ವರಯ್ಯ ನಾಲೆಯ ವಿಷಯದಲ್ಲಿ ಮಾತು ಇಷ್ಟು ಸಲೀಸಲ್ಲ. ಮಣ್ಣಿನ ನಾಲೆಯಲ್ಲಿ ನೀರು ಇಂಗುತ್ತದೆ. ಎಷ್ಟು ಇಂಗುತ್ತದೆ ಅಂತ ತಿಳಿಯಲು ನಾಲೆಯ ಒಂದು ತುಂಡಿಗೆ ಎರಡೂ ಕಡೆ ಅಡ್ಡಗಟ್ಟೆ ಹಾಕಿ, ನೀರು ನಿಲ್ಲಿಸಿ, ದಿನಕ್ಕೆ ಎಷ್ಟು ಇಳಿಯಿತು ಅಂತ ಗುರುತು ಹಾಕುತ್ತಾರೆ. ಇಲ್ಲವೇ ಮೇಲೆ ಬಿಟ್ಟ ನೀರು, ಕೆಳಗೆ ಮುಟ್ಟಿದ ನೀರು ಎರಡನ್ನೂ ಅಳೆದು ಕಳೆಯುತ್ತಾರೆ. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತ 'ಮೇಲ್ನೋರೇ ಎಲ್ಲಾ ಕುಡ್ಕೊಂಡ್ರು' ಅನ್ನುವುದು ವಾಡಿಕೆ. ಆದರೆ ಮೇಲಿನವನು ಕುಡಿದದ್ದೆಷ್ಟು, ನೆಲ ಕುಡಿದದ್ದೆಷ್ಟು ಅಂತ ಬೇರೆ ಬೇರೆ ಅಳೆಯದ ಹೊರತು ಜಗಳ ತೀರುವುದಿಲ್ಲ. ಇಂಗಿದ ನೀರೆಲ್ಲ ನಷ್ಟವೂ ಅಲ್ಲ. ಒಂದು ಕಡೆ ಅದು ಪಕ್ಕದ ಬಾವಿಗೆ ಊಟೆ, ಇನ್ನೊಂದು ಕಡೆ ಗದ್ದೆಗೆ ಜೌಗು, ಚೌಳು. ನಾಲೆಗೆ ಕಾಂಕ್ರೀಟು ಹಾಕುವವರು ಈ ಎರಡನ್ನೂ ಲೆಕ್ಕ ಹಿಡಿಯಬೇಕು.

ಸಕ್ಕರೆಯ ನೇರಳೆ ಉಂಗುರ

ಕಾರ್ಖಾನೆಗಳಲ್ಲಿ ಸೋರಿಕೆ ಹಿಡಿಯುವ ವಿಧಾನ ಇನ್ನೂ ಸ್ವಾರಸ್ಯ. 1933ರಲ್ಲಿ ಸ್ಥಾಪನೆಯಾದ ಮೈಷುಗರ್‌ನಿಂದ ಹಿಡಿದು ಕೊಪ್ಪ, ಭಾರತೀನಗರದ ಕಾರ್ಖಾನೆಗಳವರೆಗೆ ಜಿಲ್ಲೆಯ ಬದುಕೇ ಕಬ್ಬಿನ ಹಾಲಿನ ಮೇಲೆ ನಿಂತದ್ದು. ಸಕ್ಕರೆ ಕಾರ್ಖಾನೆಯಲ್ಲಿ ಹಾಲನ್ನು ಕಾಯಿಸಲು ನೂರಾರು ಕೊಳವೆಗಳ ಸುತ್ತ ಹಬೆ ಬಿಡುತ್ತಾರೆ. ಹಬೆ ತಣಿದು ನೀರಾಗಿ ಬಾಯ್ಲರಿಗೆ ವಾಪಸು ಹೋಗುತ್ತದೆ. ಒಂದು ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಹಾಲು ನೀರಿಗೆ ಸೇರಿ, ಬಾಯ್ಲರಿನೊಳಗೆ ಸಕ್ಕರೆ ಸೀದು, ಆಮ್ಲವಾಗಿ, ಬಾಯ್ಲರನ್ನೇ ತಿನ್ನುತ್ತದೆ. ಅದಕ್ಕೆಂದು ಲ್ಯಾಬಿನವರು ಆಗಾಗ ಆ ನೀರನ್ನು ಗಾಜಿನ ಕೊಳವೆಗೆ ಹಿಡಿದು, ಆಲ್ಫಾ ನ್ಯಾಫ್ಥಾಲ್ ಎಂಬ ದ್ರಾವಣ ಕೆಲವು ಹನಿ ಹಾಕಿ, ಪಕ್ಕದಿಂದ ಗಂಧಕಾಮ್ಲ ಇಳಿಬಿಡುತ್ತಾರೆ. ನಾಲಿಗೆಗೆ ಸಿಹಿ ಹತ್ತದಷ್ಟು ಸಕ್ಕರೆ ಇದ್ದರೂ ಸರಿ, ಎರಡು ದ್ರವ ಸೇರುವ ಕಡೆ ನೇರಳೆ ಉಂಗುರ ಮೂಡುತ್ತದೆ. ಉಂಗುರ ಕಂಡರೆ ಆ ನೀರು ಬಾಯ್ಲರಿಗಿಲ್ಲ, ಮೋರಿಗೆ.

ದೊಡ್ಡ ಡೇರಿಗಳಲ್ಲಿ, ಐಸ್ ಫ್ಯಾಕ್ಟರಿಗಳಲ್ಲಿ ತಣಿಸಲು ಅಮೋನಿಯಾ ಬಳಸುವುದು ರೂಢಿ. ಅದು ಸೋರಿದರೆ ಮೂಗು ತಾನೇ ಹೇಳುತ್ತದೆ. ಎಲ್ಲಿಂದ ಅಂತ ಹುಡುಕಲು ಒದ್ದೆ ಮಾಡಿದ ಲಿಟ್ಮಸ್ ಕಾಗದವನ್ನು ಕೀಲುಗಳ ಬಳಿ ಹಿಡಿದರೆ ಕೆಂಪು ಕಾಗದ ನೀಲಿಯಾಗುತ್ತದೆ. ನೀರು ಶುದ್ಧಿ ಮಾಡುವ ಕಡೆ ಕ್ಲೋರಿನ್ ಸೋರಿಕೆ ಹಿಡಿಯಲು ಅದೇ ಅಮೋನಿಯಾ ಪೋಲೀಸು. ಅಮೋನಿಯಾ ದ್ರಾವಣದ ಬಾಟಲಿಯ ಹಬೆಯನ್ನು ವಾಲ್ವಿನ ಹತ್ತಿರ ಹಿಡಿದರೆ, ಕ್ಲೋರಿನ್ ಬರುತ್ತಿರುವ ಕಡೆ ಬಿಳಿ ಹೊಗೆ ಏಳುತ್ತದೆ. ಒಂದು ವಿಷವನ್ನು ಇನ್ನೊಂದು ಘಾಟು ಹಿಡಿದುಕೊಡುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಸೋರಿದಾಗ ಓಡಬೇಕಾದದ್ದು ಎತ್ತರದ ಕಡೆಗೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ. ಸುತ್ತಲ ಹಳ್ಳಿಯವರಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಕಾರ್ಖಾನೆಯ ಸುತ್ತ ಮಲಗಿದ್ದವರಿಗೆ ಸೋರುತ್ತಿರುವುದು ಏನು ಅಂತಲೂ ಗೊತ್ತಿರಲಿಲ್ಲ, ಎತ್ತ ಓಡಬೇಕು ಅಂತಲೂ ಗೊತ್ತಿರಲಿಲ್ಲ.

ಅಂಗಡಿ ಸಾಲಿನ ಸಿಲಿಂಡರು

ಇನ್ನು ಪ್ರತಿ ಮನೆ, ಪ್ರತಿ ಹೋಟೆಲಿನ ವಿಷಯ. ಮದ್ದೂರು ವಡೆ ಬೇಯುವುದೂ ಈಗ ಗ್ಯಾಸಿನಲ್ಲೇ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದರೆ ಅನೇಕರು ನಂಬುವುದಿಲ್ಲ. ಕೊಳೆತ ಕೋಸಿನಂಥ ಆ ನಾತ ಬೇಕೆಂದೇ ಬೆರೆಸಿದ್ದು. ಅದರ ಹೆಸರು ಈಥೈಲ್ ಮರ್‌ಕ್ಯಾಪ್ಟನ್. ಈ ಪದ್ಧತಿ ಕಾನೂನಾಗಲು ದೊಡ್ಡ ಬೆಲೆ ತೆರಬೇಕಾಯಿತು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ವಾಸನೆಯಿಲ್ಲದ ಅನಿಲ ತುಂಬಿಕೊಂಡು ಸ್ಫೋಟವಾಯಿತು. ಸತ್ತವರು ಸುಮಾರು 300, ಹೆಚ್ಚಿನವರು ಮಕ್ಕಳು. ಆಮೇಲೆಯೇ ಅನಿಲಕ್ಕೆ ನಾತ ಬೆರೆಸುವುದು ಕಡ್ಡಾಯವಾಯಿತು.

ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಮೂಲೆಯಲ್ಲಿ, ಮೋರಿಯಲ್ಲಿ, ಮಂಚದಡಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಕಿಡಿಗೆ ಕಾಯುತ್ತಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಮಳಿಗೆಗೆ ಒಂದೂಕಾಲು ಕಿಲೋ ಗ್ಯಾಸು ಸಾಕು ಅಂತಾಯಿತು. ಮನೆ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ, ಹೋಟೆಲಿನದರಲ್ಲಿ 19. ಪೂರ್ತಿ ಸೋರಿದರೆ ಒಂದು ಸಾಲಿನ ಹತ್ತು ಮಳಿಗೆ ಲೆಕ್ಕಕ್ಕೆ ಬರುತ್ತವೆ. ಒಂದು ಅಂಗಡಿಯವನ ಅಜಾಗರೂಕತೆಗೆ ಪಕ್ಕದ ಜವಳಿಯವರು, ಎದುರಿನ ಬಸ್ಸಿಗೆ ಕಾದು ನಿಂತವರು ಯಾಕೆ ಸಾಯಬೇಕು? 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರು ಮಗುಚಿ ಸೋರಿದಾಗ ರಸ್ತೆ ಬದಿಯ ಮನೆಗಳಿಗೇ ಬೆಂಕಿ ಆವರಿಸಿತು, ಹಲವರು ಬೆಂದು ಸತ್ತರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

'ಅಣ್ಣ, ಯಾಕೋ ಗ್ಯಾಸ್ ವಾಸ್ನೆ ಬತ್ತಾ ಅದೆ' ಅಂದಕೂಡಲೇ ಬಹಳ ಮಂದಿ ಮಾಡುವ ಮೊದಲ ಕೆಲಸ ಲೈಟು ಹಾಕುವುದು! ಸ್ವಿಚ್ಚಿನ ಕಿಡಿಯೇ ಸಾಕು. ಇನ್ನು ಕೆಲವರು ಬೆಂಕಿಕಡ್ಡಿ ಗೀರಿ ನೋಡುವ ಮಹಾನುಭಾವರು. ಮಾಡಬೇಕಾದದ್ದು ಇಷ್ಟೇ: ಸ್ವಿಚ್ಚು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಜನರನ್ನು ಹೊರಗೆ ಕಳಿಸಿ, ದೂರ ಹೋಗಿ 1906ಕ್ಕೆ ಫೋನು ಮಾಡಬೇಕು. ಸೋರುವ ಜಾಗ ಹುಡುಕಲು ಸಾಬೂನು ನೊರೆಗಿಂತ ಅಗ್ಗದ ಯಂತ್ರ ಇನ್ನೂ ಹುಟ್ಟಿಲ್ಲ. ಟ್ಯೂಬಿನ ಎರಡು ತುದಿಗೆ, ರೆಗ್ಯುಲೇಟರಿನ ಬುಡಕ್ಕೆ ನೊರೆ ಹಚ್ಚಿದರೆ, ಸೋರುವ ಕಡೆ ಗುಳ್ಳೆ ಏಳುತ್ತದೆ.

ಮೂಗನ್ನೇ ನಂಬಿ ಕೂರುವುದಕ್ಕೂ ಮಿತಿ ಇದೆ. ನೆಗಡಿ ಹಿಡಿದ ಮೂಗು, ವಯಸ್ಸಾದ ಮೂಗು, ದಿನವಿಡೀ ಒಗ್ಗರಣೆ ಹೊಗೆಯಲ್ಲಿ ನಿಂತ ಭಟ್ಟರ ಮೂಗು ನಾತವನ್ನು ಹಿಡಿಯದಿರಬಹುದು. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಮರಗಟ್ಟುತ್ತದೆ ಕೂಡ. ಅದಕ್ಕಾಗಿ ಬಂದದ್ದು ಗೋಡೆಗೆ ಹಾಕುವ ಗ್ಯಾಸ್ ಅಲಾರಂ. ಜಪಾನಿನ ನವೋಯೋಶಿ ತಗುಚಿ ಎಂಬಾತ 1962ರಲ್ಲಿ ಕಂಡುಕೊಂಡ ತತ್ವ ಇದರೊಳಗಿದೆ. ತವರದ ಆಕ್ಸೈಡಿನ ಪುಟ್ಟ ಬಿಲ್ಲೆಯನ್ನು ಬಿಸಿ ಮಾಡಿಟ್ಟರೆ, ಗ್ಯಾಸು ತಾಗಿದೊಡನೆ ಅದರಲ್ಲಿ ಕರೆಂಟು ಸುಲಭವಾಗಿ ಹರಿಯತೊಡಗಿ ಗಂಟೆ ಹೊಡೆಯುತ್ತದೆ. ಸಿಲಿಂಡರ್ ಗ್ಯಾಸಿನ ಅಲಾರಂ ನೆಲದಿಂದ ಒಂದಡಿ ಎತ್ತರದಲ್ಲಿ ಇರಬೇಕು. ಸೂರಿನ ಹತ್ತಿರ ತೂಗುಹಾಕಿದರೆ ಅದು ಶೋಕಿಗೆ ಮಾತ್ರ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವಾದರೆ ತಿರುಗುಮುರುಗು. ಅದು ಹಗುರ, ಮೇಲೇರುತ್ತದೆ, ಅದರ ಅಲಾರಂ ಸೂರಿನ ಹತ್ತಿರವೇ ಸರಿ.

ಕೇಳಬೇಕಾದ ಪ್ರಶ್ನೆ

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಬಹುದು. ಮಲಗುವ ಮುಂಚೆ ಎಲ್ಲ ನಲ್ಲಿ ಮುಚ್ಚಿ, ಮೀಟರಿನ ಅಂಕಿ ಬರೆದಿಡಿ. ಮೀಟರಿಲ್ಲದವರು ತೊಟ್ಟಿಯ ಒಳಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಬೆಳಗ್ಗೆ ಅಂಕಿ ಏರಿದ್ದರೆ, ಗೆರೆಯಿಂದ ನೀರು ಇಳಿದಿದ್ದರೆ, ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ.

ಇದೇ ಪರೀಕ್ಷೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಸ್ಥಳೀಯ ಸಂಸ್ಥೆಗಳು ಊರಿನ ಟ್ಯಾಂಕುಗಳಿಗೆ ಮಾಡಿ, ಅರ್ಧರಾತ್ರಿಯ ಅಂಕಿಯನ್ನು ವಾರಕ್ಕೊಮ್ಮೆ ಕಚೇರಿ ಮುಂದಿನ ಬೋರ್ಡಿನಲ್ಲಿ ಹಾಕಿದರೆ ತೆರಿಗೆ ಕಟ್ಟುವ ಜನ ಓದಿಕೊಳ್ಳುತ್ತಾರೆ. ಕೋರಿಲೇಟರು ಮೂರು ಊರಿಗೂ ಸೇರಿ ಒಂದಿದ್ದರೂ ಆದೀತು, ಸೋರಿಕೆ ಇಲ್ಲಿಂದ ಎಲ್ಲೂ ಓಡಿಹೋಗುವುದಿಲ್ಲ. ಗ್ಯಾಸ್ ಏಜೆನ್ಸಿಗಳು ಸಿಲಿಂಡರು ಇಳಿಸಿ ಚೀಟಿ ಹರಿದು ಹೋಗುವ ಬದಲು, ಟ್ಯೂಬಿನ ಮೇಲಿರುವ ಅವಧಿ ಮುಗಿದಿದೆಯೇ ಅಂತ ಒಮ್ಮೆ ಬಗ್ಗಿ ನೋಡಬೇಕು.

ಬೆಂಗಳೂರಿನ ಜಲಮಂಡಳಿಗೂ ಜಿಲ್ಲೆಯ ಜನ ಒಂದು ಮಾತು ಕೇಳಲು ಹಕ್ಕುಳ್ಳವರು. ಆರನೇ ಹಂತ ಅಂತ ಮತ್ತೊಂದು ಕೊಳವೆ ಹೊತ್ತುಕೊಂಡು ತೊರೆಕಾಡನಹಳ್ಳಿಗೆ ಬರುವ ಮುಂಚೆ, ಹಿಂದಿನ ಐದು ಹಂತದ ನೀರಿನಲ್ಲಿ ನೆಲದ ಪಾಲಾದದ್ದು ಎಷ್ಟು, ಅದರಲ್ಲಿ ಹಿಡಿದು ಉಳಿಸಿದ್ದು ಎಷ್ಟು? ಲೀಟರಿನಲ್ಲಿ ಹೇಳಲಿ.